ಅಂಟು ಹೋಗಲಿ, ಡಬ್ಬಿ ಉಳಿಯಲಿ

ನಾವು ಕೋಲಾರ ತಾಲ್ಲೂಕಿನ ವೇಮಗಲ್ ಕಡೆಯ ಹೆಂಗಸರು. ಸಂಘ ಮಾಡಿಕೊಂಡಿದ್ದೇವೆ. ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇವೆ.

ಒಂದು ಸಲ ಹಿಟ್ಟು ತುಂಬಲು ಹೊಸ ಪ್ಲಾಸ್ಟಿಕ್ ಡಬ್ಬಿ ತಂದೆವು. ಒಟ್ಟು 24 ಡಬ್ಬಿ. ಗಾಜಿನ ಹಾಗೆ ಹೊಳೆಯುತ್ತಿದ್ದವು. ಮುಚ್ಚಳ ಬಿಚ್ಚದಿರಲಿ ಅಂತ ಅಂಗಡಿಯವರು ಟೇಪು ಸುತ್ತಿದ್ದರು. ಟೇಪು ಕಿತ್ತೆವು. ಟೇಪು ಬಂತು, ಅಂಟು ಬರಲಿಲ್ಲ. ಮುಟ್ಟಿದರೆ ಜಿಗಿಜಿಗಿ. ಅದರ ಮೇಲೆ ಧೂಳು ಕೂತು ಕಪ್ಪು ಪಟ್ಟೆ ಆಯಿತು.

ನಮ್ಮಲ್ಲಿ ಒಬ್ಬಾಕೆ ಬ್ಲೇಡು ತಂದು ಕೆರೆದಳು. ಅಂಟಿನ ಜೊತೆ ಡಬ್ಬಿಯ ಮೈಯೂ ಕೆರೆದುಹೋಯಿತು. ಇನ್ನೊಬ್ಬಾಕೆ ಮಗಳು ಉಗುರು ಬಣ್ಣ ತೆಗೆಯಲು ಇಟ್ಟಿದ್ದ ಸೀಸೆ ತಂದಳು. ಬಟ್ಟೆಗೆ ಹಾಕಿ ಸವರಿದಳು. ಅಂಟೇನೋ ಹೋಯಿತು. ಆದರೆ ಡಬ್ಬಿ ಮಬ್ಬಾಯಿತು. ಸವರಿದ ಜಾಗ ಕರಗಿ ಒರಟಾಯಿತು. ನೋಡನೋಡುತ್ತಾ 6 ಡಬ್ಬಿ ಹಾಳು. ದುಡ್ಡು ಸಂಘದ್ದು. ಯಾರ ಲೆಕ್ಕಕ್ಕೆ ಬರೆಯೋದು ಅಂತ ಮಾತು ಬೆಳೆಯಿತು.

ಆಗ ಹಿರಿಯಕ್ಕ ಒಬ್ಬರು ಕೇಳಿದರು:

"ಹಲಸಿನ ಹಣ್ಣು ಬಿಡಿಸೋವಾಗ ಕೈಗೆ ಏನು ಹಚ್ಕೋತೀರಮ್ಮಾ?"

"ಎಣ್ಣೆ ಅಕ್ಕಾ."

"ಮತ್ತೆ ಇದಕ್ಯಾಕೆ ಬ್ಲೇಡು?"

ಎಲ್ಲರೂ ಸುಮ್ಮನಾದೆವು. ಹಲಸಿನ ಅಂಟು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಇದು ನಮಗೆ ಗೊತ್ತಿದ್ದ ವಿಷಯವೇ. ಟೇಪಿನ ಅಂಟೂ ಅದೇ ಜಾತಿ. ಅಮೆರಿಕದ ರಿಚರ್ಡ್ ಡ್ರೂ ಎಂಬವರು 1930ರಲ್ಲಿ ಪಾರದರ್ಶಕ ಟೇಪನ್ನು ಮಾಡಿದರು. ಇಂದಿಗೂ ಅನೇಕ ಟೇಪುಗಳಿಗೆ ಹಚ್ಚುವುದು ರಬ್ಬರು ಮತ್ತು ರಾಳ ಸೇರಿದ ಅಂಟು. ಎಣ್ಣೆ ಅದರೊಳಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ.

ಉಳಿದ ಡಬ್ಬಿಗಳನ್ನು ನಾವು ಹೀಗೆ ತೊಳೆದೆವು. ಮೊದಲು ಬೆಚ್ಚಗಿನ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಅಂಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟೆವು. ಕುದಿಯುವ ನೀರು ಬೇಡ. ತೆಳ್ಳಗಿನ ಡಬ್ಬಿ ಸೊಟ್ಟಗಾಗುತ್ತದೆ. ಆಮೇಲೆ ಉಗುರಿನಿಂದ ಬಿಡಿಸಿದೆವು. ಉಳಿದ ಅಂಟಿಗೆ ಕಡ್ಲೆಕಾಯಿ ಎಣ್ಣೆ ಹಚ್ಚಿದೆವು. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಐದು ನಿಮಿಷ ಬಿಟ್ಟು ಹಳೇ ಹತ್ತಿ ಬಟ್ಟೆಯಿಂದ ಉಜ್ಜಿದೆವು. ಅಂಟು ಉಂಡೆ ಉಂಡೆಯಾಗಿ ಬಂತು. ಕೊನೆಗೆ ಸೋಪು ಹಾಕಿ ಜಿಡ್ಡು ತೊಳೆದು ಒರೆಸಿದೆವು. ಬಿಸಿಲಲ್ಲಿ ಬಹಳ ದಿನ ಇದ್ದ ಟೇಪಿನ ಅಂಟು ಒಣಗಿ ಗಟ್ಟಿಯಾಗಿರುತ್ತದೆ. ಅದಕ್ಕೆ ಎರಡು ಮೂರು ಸಲ ಎಣ್ಣೆ ಹಚ್ಚಬೇಕು. ಆತುರ ಮಾಡಿದರೆ ಮತ್ತೆ ಕೈ ಬ್ಲೇಡಿನ ಕಡೆಗೇ ಹೋಗುತ್ತದೆ!

ನಮ್ಮ ಕೋಲಾರದ ಬಯಲಿನಲ್ಲಿ ನೀಲಗಿರಿ ತೋಪು ಯಾರಿಗೆ ಗೊತ್ತಿಲ್ಲ? ನೀಲಗಿರಿ ಎಣ್ಣೆಯೂ ಅಂಟನ್ನು ಚೆನ್ನಾಗಿ ಬಿಡಿಸುತ್ತದೆ. ಔಷಧಿ ಅಂಗಡಿಯಲ್ಲಿ ಸಣ್ಣ ಸೀಸೆ ಸಿಗುತ್ತದೆ. ನಾಲ್ಕು ಹನಿ ಸಾಕು. ಆದರೆ ಅದು ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಬೇಡ. ಮಕ್ಕಳು ಕುಡಿದರೆ ಅಪಾಯ, ಕೈಗೆ ಸಿಗದ ಕಡೆ ಇಡಿ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಡಬ್ಬಿಯನ್ನು ಬೋರಲು ಹಾಕಿ ತಳ ನೋಡಿ. ಅನೇಕ ಡಬ್ಬಿಗಳಲ್ಲಿ ಮೂರು ಬಾಣದ ತ್ರಿಕೋನ ಇರುತ್ತದೆ. ಅದರೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದರೆ ಗಟ್ಟಿಮುಟ್ಟು, ಎಣ್ಣೆಗೆ ಹೆದರುವುದಿಲ್ಲ. 6 ಇದ್ದರೆ ಜೋಪಾನ. ಹಾಳಾದ ನಮ್ಮ ಡಬ್ಬಿಗಳ ತಳದಲ್ಲಿ ಇದ್ದದ್ದು ಅದೇ 6. ಇಂಥದ್ದಕ್ಕೆ ಅಡಿಗೆ ಎಣ್ಣೆಯನ್ನೂ ಬಹಳ ಹೊತ್ತು ಬಿಡಬಾರದು, ಬೇಗ ತೊಳೆಯಬೇಕು. ನೀಲಗಿರಿ ಎಣ್ಣೆ, ಥಿನ್ನರು, ಪೆಟ್ರೋಲು ಬೇಡವೇ ಬೇಡ. ಅಂಕಿ ಕಾಣದಿದ್ದರೆ ಮೊದಲು ತಳದಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ. ಮಬ್ಬಾದರೆ ಬಿಟ್ಟುಬಿಡಿ.

ಸೀಮೆಎಣ್ಣೆಗೂ ಅಂಟು ಬಿಡುತ್ತದೆ. ಆದರೆ ತಿನ್ನುವ ಪದಾರ್ಥದ ಡಬ್ಬಿಗೆ ಅದು ಬೇಡ. ವಾಸನೆ ಹೋಗುವುದಿಲ್ಲ. ಬೂದಿ, ಸ್ಟೀಲು ನಾರು ಪಾತ್ರೆಗೆ ಸರಿ, ಪ್ಲಾಸ್ಟಿಕ್ಕಿಗೆ ಗೀರು ಬೀಳುತ್ತದೆ. ಗೀರಿನಲ್ಲಿ ಕೊಳೆ ಕೂರುತ್ತದೆ.

ಇಷ್ಟು ಕಲಿತ ಮೇಲೆ ಮನೆಯಲ್ಲಿರುವ ಎಲ್ಲ ಡಬ್ಬಿಗಳ ಚೀಟಿ ಕೀಳುವ ಹುಮ್ಮಸ್ಸು ಬಂತು. ಒಬ್ಬಾಕೆ ಟೊಮೇಟೊ ತೋಟದಿಂದ ಖಾಲಿ ಕ್ಯಾನು ತಂದಳು. "ಎಷ್ಟು ಗಟ್ಟಿಯಾಗಿದೆ ನೋಡಿ. ಚೀಟಿ ಕಿತ್ತರೆ ನೀರು ತುಂಬಿಡಬಹುದು" ಅಂದಳು. ನಾವು ಚೀಟಿ ಓದಿದೆವು. ಮೇಲೆ ತಲೆಬುರುಡೆ, ಎರಡು ಮೂಳೆ. ಕೆಳಗೆ ಕೆಂಪು ಬಣ್ಣ. ಅದು ಕೀಟನಾಶಕದ ಕ್ಯಾನು.

ಕೀಟನಾಶಕದ ಚೀಟಿಯಲ್ಲಿ ವಜ್ರದ ಆಕಾರದ ಗುರುತು ಇರಬೇಕು ಅಂತ ಕಾನೂನಿದೆ. ಅದರ ಕೆಳಭಾಗದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ. ಹಸಿರಿಗೆ ವಿಷ ಕಡಿಮೆ, ಆದರೂ ವಿಷವೇ. ಈ ವಿಷ ಪ್ಲಾಸ್ಟಿಕ್ಕಿನ ಒಳಗೇ ಇಳಿದಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಚೀಟಿ ಕಿತ್ತರೆ ಅದು ವಿಷದ ಕ್ಯಾನು ಅಂತ ಮಿಕ್ಕವರಿಗೆ ತಿಳಿಯುವುದಾದರೂ ಹೇಗೆ? ಮಗು ಬಾಯಾರಿ ಬಂದು ಅದರಲ್ಲೇ ನೀರು ಕುಡಿದರೆ? ಆ ಕ್ಯಾನಿಗೆ ತೂತು ಹೊಡೆದೆವು, ಯಾರೂ ಮತ್ತೆ ಬಳಸದ ಹಾಗೆ. ಚೀಟಿ ಹಾಗೇ ಬಿಟ್ಟೆವು.

ಹಾಳಾದ 6 ಡಬ್ಬಿಗಳ ದುಡ್ಡನ್ನು ಎಲ್ಲರೂ ಸಮನಾಗಿ ಹಂಚಿಕೊಂಡು ಕಟ್ಟಿದೆವು. ಅವುಗಳಲ್ಲಿ ಈಗ ಸೂಜಿ, ದಾರ, ಗುಂಡಿ ಇವೆ.

ಓದಿ, ನೋಡಿ, ಬರೆಯಿರಿ:
ನಿಮ್ಮ ಅಡಿಗೆ ಮನೆಯ ಐದು ಡಬ್ಬಿಗಳ ತಳ ನೋಡಿ. ಯಾವ ಯಾವ ಅಂಕಿ ಇದೆ?
ನಿಮ್ಮ ಮನೆಯಲ್ಲಿ ಕೀಟನಾಶಕ ಎಲ್ಲಿಟ್ಟಿದ್ದೀರಿ? ಅದರ ಚೀಟಿಯ ಬಣ್ಣ ಯಾವುದು?