ತಾನಾಗಿ ಗೇರ್ ಬದಲಿಸುವ ಪೆಟ್ಟಿಗೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎಣ್ಣೆ, ಬೇರಿಂಗು, ಹಲ್ಲುಗಾಲಿಗಳ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ವಿದ್ಯಾರ್ಥಿಗಳ ಮನೆಗಳನ್ನು ನೆನೆದರೆ ಈ ಸಂಶಯ ನಿಲ್ಲುವುದಿಲ್ಲ. ಒಬ್ಬರ ತಂದೆ ಲಾರಿಯ ಡ್ರೈವರು. ಇನ್ನೊಬ್ಬರ ಅಣ್ಣ ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಮೇಸ್ತ್ರಿ. ಮತ್ತೊಬ್ಬರ ಸೋದರಮಾವ ಸಾಲ ಮಾಡಿ ಹಳೆಯ ಟಿಪ್ಪರ್ ಕೊಂಡು ತಿಂಗಳು ತಿಂಗಳೂ ಕಂತು ಕಟ್ಟುತ್ತಿರುವವರು. ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುವ ನೆಲಮಂಗಲದಲ್ಲಾಗಲಿ, ಕೋಲಾರದ ಕಡೆಗೆ ಸಾಗುವ ಹೊಸಕೋಟೆಯ ಹಾದಿಯಲ್ಲಾಗಲಿ, ಲಾರಿಯೊಂದು ಕೆಟ್ಟು ನಿಂತಿತೆಂದರೆ ಎಲ್ಲೋ ಒಂದು ಮನೆಯ ಒಲೆಯ ಉರಿ ತಗ್ಗಿತೆಂದೇ ತಿಳಿಯಬೇಕು. ಆದುದರಿಂದ ಲಾರಿಯ ಹೊಟ್ಟೆಯೊಳಗೆ ಏನಿದೆಯೆಂಬುದು ನಮಗೆ ಪರಕೀಯ ವಿಷಯವಲ್ಲ.

ನಮ್ಮ ಸೀಮೆಯ ಮೇಸ್ತ್ರಿಗಳಿಗೆ ಲಾರಿಯ ಗೇರ್ ಪೆಟ್ಟಿಗೆ ಹೊಸದಲ್ಲ. 1948ರಲ್ಲಿ ಮದರಾಸಿನಲ್ಲಿ ಅಶೋಕ್ ಮೋಟರ್ಸ್ ಹುಟ್ಟಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆನ್ಜ್ ಕಂಪನಿಯೊಡನೆ ಕೂಡಿ ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದರು. ಅಲ್ಲಿಂದೀಚೆಗೆ ಈ ಗಾಡಿಗಳ ಗೇರ್ ಬಾಕ್ಸನ್ನು ಮರದ ನೆರಳಿನಲ್ಲಿ ಇಳಿಸಿ, ಗೋಣಿತಟ್ಟಿನ ಮೇಲೆ ಹರಡಿ, ಸವೆದ ಹಲ್ಲುಗಾಲಿಯನ್ನೂ ಬೇರಿಂಗನ್ನೂ ಬದಲಿಸಿ, ಸಂಜೆಯೊಳಗೆ ಮತ್ತೆ ಏರಿಸಿ ಕಳುಹಿಸುವ ವಿದ್ಯೆ ಪುಸ್ತಕವಿಲ್ಲದೆ ಗುರುವಿನಿಂದ ಶಿಷ್ಯನಿಗೆ ಇಳಿದುಬಂದಿದೆ. ಚೈನ್ ಪುಲ್ಲಿ, ಜಾಕಿ, ಸುತ್ತಿಗೆ, ಒಂದು ಪುಲ್ಲರು, ಇಷ್ಟೇ ಸಾಮಗ್ರಿ. ಬುಷ್ ತಿರುಗಿಸಬೇಕಾದರೆ ಪೀಣ್ಯದ ಲೇತು ಅಂಗಡಿಗಳು ದೂರವಲ್ಲ.

ಈಗ ಬಂದಿರುವುದು ಬೇರೆ ಜಾತಿಯ ಪೆಟ್ಟಿಗೆ. ಕ್ಲಚ್ ತುಳಿಯುವುದಿಲ್ಲ, ಕೈಯಿಂದ ಗೇರ್ ಹಾಕುವುದಿಲ್ಲ. ಗಾಡಿಯೇ ವೇಗವನ್ನೂ ಭಾರವನ್ನೂ ನೋಡಿಕೊಂಡು ತನಗೆ ಬೇಕಾದ ಗೇರಿಗೆ ತಾನೇ ಬದಲಾಗುತ್ತದೆ. ಇದು ಕೆಟ್ಟಾಗ, ‘ಇದರ ತಂಟೆ ನಮಗೆ ಬೇಡಣ್ಣ, ಕಂಪನಿಗೇ ಒಯ್ಯಿರಿ’ ಎಂದು ಒಳ್ಳೆಯ ಮೇಸ್ತ್ರಿಗಳೂ ಕೈಮುಗಿಯುವುದುಂಟು. ಹೊಸ ಪೆಟ್ಟಿಗೆಯ ಬೆಲೆ ಕೇಳಿದ ಮಾಲೀಕನು ಹಳೆಯ ಗಾಡಿಯನ್ನೇ ಗುಜರಿಗೆ ಹಾಕುವ ಯೋಚನೆಗೆ ಬೀಳುತ್ತಾನೆ. ಹಾಗಾದರೆ ಇದನ್ನು ಮನೆಯಂಗಳದ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆಯೆಂದೇ ನನ್ನ ಅಭಿಪ್ರಾಯ. ಆದರೆ ಅದು ಬೇಡುವುದು ತೋಳಿನ ಬಲವನ್ನಲ್ಲ. ಮಡಿಯನ್ನು, ಅಳತೆಯನ್ನು, ಮತ್ತು ಶಾಖದ ತಿಳಿವಳಿಕೆಯನ್ನು.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಾನಾಗಿ ಗೇರ್ ಬದಲಿಸುವುದೆಲ್ಲ ಒಂದೇ ಬಗೆಯದಲ್ಲ. ಹೆದ್ದಾರಿಯ ದೊಡ್ಡ ಲಾರಿಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಹಳೆಯ ಪೆಟ್ಟಿಗೆಯ ದಾಯಾದಿಯೇ. ಒಳಗೆ ಅದೇ ಹಲ್ಲುಗಾಲಿ, ಅದೇ ಕ್ಲಚ್ ಪ್ಲೇಟು. ಕೈಕಾಲುಗಳ ಕೆಲಸವನ್ನು ಮಾತ್ರ ಗಾಳಿಯ ಒತ್ತಡವೂ ಒಂದು ಕಂಪ್ಯೂಟರೂ ವಹಿಸಿಕೊಂಡಿವೆ. 1998ರಿಂದ ನಮ್ಮ ಹೊಸಕೋಟೆಯಲ್ಲಿ ಲಾರಿ ತಯಾರಿಸುತ್ತ ಬಂದ ವೋಲ್ವೊ ಸಂಸ್ಥೆ 2001ರಲ್ಲಿ ಯೂರೋಪಿನಲ್ಲಿ ಹೊರತಂದ 12 ಗೇರಿನ ಐ-ಶಿಫ್ಟ್ ಈ ಜಾತಿಯದು. ಇನ್ನೊಂದು ಜಾತಿಯೇ ನಿಜವಾದ ಆಟೊಮ್ಯಾಟಿಕ್. ಬೆಂಗಳೂರಿನ ರಸ್ತೆಗಳಲ್ಲಿ ಓಡಿದ ವೋಲ್ವೊ ನಗರ ಬಸ್ಸುಗಳಲ್ಲಿ, ಗಣಿಯ ಡಂಪರುಗಳಲ್ಲಿ, ವಿಮಾನ ನಿಲ್ದಾಣಗಳ ಅಗ್ನಿಶಾಮಕ ವಾಹನಗಳಲ್ಲಿ ಇರುವುದು ಇದು. ಅಮೆರಿಕದಲ್ಲಿ ಟ್ರಕ್ಕೆಂದರೆ ರೈತರೂ ಬಡಗಿಗಳೂ ಇಟ್ಟುಕೊಳ್ಳುವ ಪಿಕಪ್ ಗಾಡಿಗೂ ಅದೇ ಹೆಸರು. ಅಂಥ ಗಾಡಿಯ ಆಟೊಮ್ಯಾಟಿಕ್ ಪೆಟ್ಟಿಗೆಯನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ಮೊದಲಿಗಿಂತ ಗಟ್ಟಿಯಾಗಿ ಕಟ್ಟುವುದು ಅಲ್ಲಿಯ ಹಲವರಿಗೆ ರೂಢಿ. ಮುಂದಿನ ಮಾತೆಲ್ಲ ಈ ಎರಡನೆಯ ಜಾತಿಯನ್ನು ಕುರಿತದ್ದು.

ಇದರ ಅಂಗಗಳು ಮುಖ್ಯವಾಗಿ ಮೂರು. ಎಂಜಿನ್ನಿಗೆ ಹೊಂದಿಕೊಂಡಿರುವುದು ಟಾರ್ಕ್ ಕನ್ವರ್ಟರ್. ಎರಡು ಮೇಜುಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಮಾತ್ರ ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದನ್ನು ನೀವು ಕಂಡಿರಬಹುದು. ಗಾಳಿಯ ಬದಲು ಎಣ್ಣೆ, ನಡುವೆ ಆ ಎಣ್ಣೆಯ ಹರಿವನ್ನು ತಿರುಗಿಸಿ ಕೊಡುವ ಮೂರನೆಯ ಗಾಲಿ, ಇವೆಲ್ಲವೂ ಒಂದೇ ಉಕ್ಕಿನ ಗಡಿಗೆಯೊಳಗೆ: ಇದೇ ಕನ್ವರ್ಟರ್. ಗಾಡಿ ಹೊರಡುವಾಗ ಎಂಜಿನ್ನಿನ ತಿರುಚುಬಲವನ್ನು ಇದು ಸುಮಾರು ಎರಡು ಪಟ್ಟು ಹೆಚ್ಚಿಸಿ ಕೊಡಬಲ್ಲದು. ಜರ್ಮನಿಯ ಹೆರ್ಮಾನ್ ಫಟ್ಟಿಂಗರ್ ಎಂಬ ಎಂಜಿನಿಯರು ಇದಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದದ್ದು ಮೋಟಾರಿಗಾಗಿ ಅಲ್ಲ. ಹಡಗಿನ ಉಗಿ ಟರ್ಬೈನಿಗಾಗಿ.

ಎರಡನೆಯದು ಗ್ರಹಚಕ್ರ. ನಡುವೆ ಸೂರ್ಯನೆಂಬ ಹಲ್ಲುಗಾಲಿ. ಅದರ ಸುತ್ತ ಒಂದೇ ಚೌಕಟ್ಟಿಗೆ ಕೂಡಿಸಿದ ಮೂರು ನಾಲ್ಕು ಗ್ರಹಗಳು. ಎಲ್ಲವನ್ನೂ ಬಳಸಿದ, ಒಳಮೈಗೆ ಹಲ್ಲಿರುವ ಉಂಗುರ. ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 60 ಹಲ್ಲು ಎಂದಿಟ್ಟುಕೊಳ್ಳಿ. ಗ್ರಹಕ್ಕೆ 15 ಹಲ್ಲು ಬರುತ್ತದೆ. ಉಂಗುರವನ್ನು ಅಲುಗದಂತೆ ಹಿಡಿದು ಸೂರ್ಯನನ್ನು ತಿರುಗಿಸಿದರೆ, ಸೂರ್ಯನು 3 ಸುತ್ತು ಬಂದಾಗ ಗ್ರಹಗಳ ಚೌಕಟ್ಟು 1 ಸುತ್ತು ಬರುತ್ತದೆ. ಇದು ಏರಿನ ಗೇರು. ಚೌಕಟ್ಟನ್ನು ಹಿಡಿದರೆ ಉಂಗುರವು ಸೂರ್ಯನಿಗೆ ಇದಿರಾಗಿ, ಅದರ ಅರ್ಧ ವೇಗದಲ್ಲಿ ತಿರುಗುತ್ತದೆ, ಇದು ರಿವರ್ಸು. ಯಾವುದಾದರೂ ಎರಡನ್ನು ಒಂದಕ್ಕೊಂದು ಬಿಗಿದರೆ ಮೂರೂ ಒಟ್ಟಾಗಿ ಸುತ್ತುತ್ತವೆ. ಇದು ನೇರ ಗೇರು. ಹಲ್ಲುಗಾಲಿಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದೊಂದೇ ಪ್ರಶ್ನೆ. ಹಿಡಿಯುವ ಕೈಗಳೇ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಗುಂಪುಗಳು: ಒಂದು ಉಕ್ಕಿನ ಬಿಲ್ಲೆ, ಒಂದು ಕಾಗದದಂಥ ಪದರವಿರುವ ಬಿಲ್ಲೆ, ಹೀಗೆ ದೋಸೆಯಂತೆ ಒಂದರ ಮೇಲೊಂದು ಅಡಕಿದವು.

ಯಾರನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಮೂರನೆಯ ಅಂಗ, ವಾಲ್ವ್ ಬಾಡಿ. ಮೊದಲ ಸಲ ಕಂಡವರಿಗೆ ಇದು ಗೆದ್ದಲು ತಿಂದ ಹಲಗೆಯಂತೆ ತೋರುತ್ತದೆ. ಅಲ್ಯೂಮಿನಿಯಂ ಅಚ್ಚಿನ ತುಂಬ ಅಂಕುಡೊಂಕಾದ ಕಾಲುವೆಗಳು. ದೊಡ್ಡಬಳ್ಳಾಪುರದ ಮಗ್ಗಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಜಕಾರ್ಡಿನ ಕಾರ್ಡಿನಲ್ಲಿ ತೂತಿದ್ದ ಕಡೆ ಕೊಕ್ಕೆ ದಾರವನ್ನೆತ್ತುತ್ತದೆ, ತೂತಿಲ್ಲದ ಕಡೆ ಎತ್ತುವುದಿಲ್ಲ. ಅಂಚೂ ಸೆರಗೂ ಆ ತೂತುಗಳ ಆಜ್ಞೆಯಂತೆ ಮೂಡುತ್ತವೆ. ಇಲ್ಲಿ ಕಾರ್ಡಿನ ಬದಲು ಎಣ್ಣೆಯ ಒತ್ತಡ; ಪುಟ್ಟ ಕೊಳವೆಯಂಥ ವಾಲ್ವು ಒಂದಿಷ್ಟು ಸರಿದರೆ ಒಂದು ಕಾಲುವೆ ತೆರೆದು ಇನ್ನೊಂದು ಮುಚ್ಚುತ್ತದೆ. ಈಚಿನವುಗಳಲ್ಲಿ ಆ ವಾಲ್ವನ್ನು ಸರಿಸಲು ವಿದ್ಯುತ್ ಸೊಲೆನಾಯ್ಡುಗಳಿವೆ, ಅವುಗಳ ಮೇಲೆ ಕಂಪ್ಯೂಟರಿದೆ. ಕೆಟ್ಟ ಮಗ್ಗದ ಮುಂದೆ ಕುಳಿತು, ಯಾವ ಕೊಕ್ಕೆ ಏಳಲಿಲ್ಲವೆಂದು ಬಟ್ಟೆಯ ದೋಷ ನೋಡಿಯೇ ಹೇಳುವ ನೇಕಾರನಿಗೆ, ಮೂರನೆಯ ಗೇರು ಜಾರಿದರೆ ಯಾವ ಕ್ಲಚ್ ಗುಂಪು ಸೋತಿದೆಯೆಂದು ಹೇಳುವುದು ಹೊಸ ಬಗೆಯ ತರ್ಕವೇನಲ್ಲ.

ಈಗ ಬಿಚ್ಚುವ ಮಾತು. ಬಿಚ್ಚುವ ಮೊದಲು ಎಣ್ಣೆಯನ್ನು ನೋಡಬೇಕು. ಹೆಚ್ಚಿನ ಪೆಟ್ಟಿಗೆಗಳ ಎಣ್ಣೆ ಹೊಸದರಲ್ಲಿ ಕೆಂಪಗಿರುತ್ತದೆ. ಅದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪದರ ಉರಿದಿದೆ. ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಸೇರಿದೆ. ಎಣ್ಣೆ ಕಡಿಮೆಯಾದದ್ದಕ್ಕೋ ವಿದ್ಯುತ್ ತಂತಿ ಸಡಿಲಾದದ್ದಕ್ಕೋ ಇಡೀ ಪೆಟ್ಟಿಗೆಯನ್ನು ಇಳಿಸಿದರೆ ಅದು ಜ್ವರಕ್ಕೆ ಹೊಟ್ಟೆ ಕುಯ್ದಂತೆ. ಇಳಿಸುವುದೇ ನಿಶ್ಚಯವಾದರೆ, ದೊಡ್ಡ ಗಾಡಿಯ ಪೆಟ್ಟಿಗೆ ನೂರಾರು ಕಿಲೋ ತೂಗುವುದನ್ನು ಮರೆಯಬಾರದು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಕೂಡದು. ಗಟ್ಟಿ ನೆಲ, ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ತಡೆ, ಇವು ಮೊದಲು.

ಶುಚಿತ್ವದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ನಮ್ಮ ಗ್ಯಾರೇಜುಗಳಲ್ಲಿ ಕೈ ಒರೆಸಲೂ ಸಾಮಾನು ಒರೆಸಲೂ ಒಂದೇ ವಸ್ತು, ಬನಿಯನ್ ವೇಸ್ಟು. ಹಳೆಯ ಗೇರ್ ಬಾಕ್ಸು ಅದನ್ನು ಕ್ಷಮಿಸುತ್ತದೆ. ಈ ಪೆಟ್ಟಿಗೆ ಕ್ಷಮಿಸುವುದಿಲ್ಲ. ವೇಸ್ಟಿನ ಒಂದು ನೂಲೆಳೆ ವಾಲ್ವಿನ ಅಂಚಿಗೆ ಸಿಕ್ಕಿಕೊಂಡರೆ ಸಾಕು, ಕಟ್ಟಿದ ಕೆಲಸವೆಲ್ಲ ವ್ಯರ್ಥ. ನೂಲು ಬಿಡದ ಬಟ್ಟೆ ಬೇಕು. ಅದಿಲ್ಲದಿದ್ದರೆ ತೊಳೆದು ಗಾಳಿಯಲ್ಲಿ ಒಣಗಿಸುವುದೇ ಲೇಸು. ರಸ್ತೆಯ ಧೂಳು ಏಳುವ ಹೊತ್ತಿನಲ್ಲಿ ಬಯಲಿನಲ್ಲಿ ಹರಡಿಕೊಂಡು ಕೂರುವ ಕೆಲಸ ಇದಲ್ಲ. ಬಾಗಿಲು ಮುಚ್ಚುವ ಕೋಣೆ, ಮೇಲೆ ಶುಭ್ರವಾದ ಕಾಗದ ಹಾಸಿದ ಮೇಜು, ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ ಭಾಗಗಳು, ಪ್ರತಿ ಹಂತಕ್ಕೂ ಒಂದು ಛಾಯಾಚಿತ್ರ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವುದರಿಂದ ಇದಕ್ಕೆ ಖರ್ಚಿಲ್ಲ. ವಾಲ್ವ್ ಬಾಡಿಯನ್ನು ಎತ್ತುವಾಗ ಅದರ ಕಾಲುವೆಗಳಿಂದ ಸಣ್ಣ ಗುಂಡುಗಳು ಉದುರುತ್ತವೆ. ಯಾವ ಗುಂಡು ಯಾವ ಗುಳಿಯದೆಂದು ಮೊದಲೇ ಗುರುತು ಹಾಕಿಕೊಳ್ಳದಿದ್ದರೆ ಆಮೇಲೆ ದೇವರೇ ಗತಿ. ಜೋಡಿಸುವಾಗ ಆ ಗುಂಡುಗಳನ್ನೂ ವಾಷರುಗಳನ್ನೂ ಸ್ಥಳದಲ್ಲಿ ಹಿಡಿದಿಡಲು ಚಾಸಿಸ್ ಗ್ರೀಸನ್ನು ಬಳಸಕೂಡದು. ಅದು ಈ ಎಣ್ಣೆಯಲ್ಲಿ ಕರಗದೆ ಫಿಲ್ಟರಿಗೂ ಸಣ್ಣ ರಂಧ್ರಗಳಿಗೂ ಅಡರುತ್ತದೆ. ಔಷಧದಂಗಡಿಯಲ್ಲಿ ಸಿಕ್ಕುವ ಪೆಟ್ರೋಲಿಯಂ ಜೆಲ್ಲಿ ಬಿಸಿಗೆ ಕರಗಿ ಎಣ್ಣೆಯೊಡನೆ ಬೆರೆಯುತ್ತದೆ.

ರಬ್ಬರ್ ಸೀಲುಗಳು, ಪ್ಯಾಕಿಂಗುಗಳು, ಕ್ಲಚ್ ಬಿಲ್ಲೆಗಳು, ಫಿಲ್ಟರು, ಇವನ್ನು ಚೆನ್ನಾಗಿವೆಯೆಂದು ಕಂಡರೂ ಹಳೆಯವನ್ನು ಮತ್ತೆ ಹಾಕಬಾರದು. ಹೊಸ ಕ್ಲಚ್ ಬಿಲ್ಲೆಗಳನ್ನು ಒಣಗಿದ್ದಂತೆ ಕೂಡಿಸಿದರೆ ಮೊದಲ ಉಜ್ಜಿಗೆಯಲ್ಲೇ ಸುಡುತ್ತವೆ. ಅವಲಕ್ಕಿ ನೆನೆಸಿದಂತೆ ಅದೇ ಎಣ್ಣೆಯಲ್ಲಿ ನೆನೆಸಿಟ್ಟು ಆಮೇಲೆ ಹಾಕಬೇಕು. ಗುಂಪು ಕೂಡಿಸಿದ ಮೇಲೆ ಬಿಲ್ಲೆಗಳಿಗೂ ಸರ್ಕ್ಲಿಪ್ಪಿಗೂ ನಡುವಣ ಎಡೆಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಒಂದೆರಡು ಮಿಲಿಮೀಟರಿನ ವ್ಯವಹಾರ ಇದು. ಕಂಪನಿಯ ಪುಸ್ತಕ ಹೇಳಿದ್ದಕ್ಕಿಂತ ಎಡೆ ಕಡಿಮೆಯಾದರೆ ಕ್ಲಚ್ ಬಿಡದೆ ಎಳೆಯುತ್ತದೆ, ಹೆಚ್ಚಾದರೆ ತಡವಾಗಿ ಹಿಡಿಯುತ್ತದೆ. ಸರಿಪಡಿಸಲು ಬೇರೆ ಬೇರೆ ದಪ್ಪದ ಸರ್ಕ್ಲಿಪ್ಪುಗಳು ದೊರೆಯುತ್ತವೆ. ‘ಕೈಯಂದಾಜು ಸಾಕು ಬಿಡಪ್ಪ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಅಳತೆಯಾದ ಮೇಲೆ ಎಣ್ಣೆಯ ರಂಧ್ರಕ್ಕೆ ಹದವಾದ ಒತ್ತಡದ ಒಣಗಾಳಿಯನ್ನು ಬಿಟ್ಟು ನೋಡಬೇಕು. ಒಳಗೆ ‘ಧಡ್’ ಎಂದು ಒಂದೇ ಪೆಟ್ಟಿಗೆ ಸದ್ದಾದರೆ ಪಿಸ್ಟನ್ ಸರಿಯಾಗಿ ಹಿಡಿದಿದೆ. ‘ಸ್’ ಎಂದು ಗಾಳಿ ಸೋರಿದರೆ ಸೀಲು ಕೂರುವಾಗ ಹರಿದಿದೆ, ಮತ್ತೆ ಬಿಚ್ಚಬೇಕು. ಈ ಕಿವಿಯ ಪರೀಕ್ಷೆಯಲ್ಲಿ ನಮ್ಮ ಮೇಸ್ತ್ರಿಗಳನ್ನು ಮೀರಿಸುವವರು ಯಾರೂ ಇರಲಾರರು.

ಇನ್ನು ಬಲಪಡಿಸುವ ವಿಷಯ. ಮಾರುಕಟ್ಟೆಯಲ್ಲಿ ಹೆಚ್ಚು ಬಿಲ್ಲೆಗಳ ಕ್ಲಚ್ ಗುಂಪು, ಗಟ್ಟಿ ಉಕ್ಕಿನ ಶಾಫ್ಟು, ಎಣ್ಣೆಯ ಒತ್ತಡವನ್ನು ಏರಿಸುವ ಸ್ಪ್ರಿಂಗು ಎಂದು ಹಲವು ಸಾಮಾನುಗಳಿವೆ. ಒತ್ತಡ ಏರಿಸಿದರೆ ಕ್ಲಚ್ ಜಾರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಪ್ರತಿ ಗೇರಿಗೂ ಗಾಡಿ ಜಗ್ಗುತ್ತದೆ, ಆ ಪೆಟ್ಟು ಮುಂದಿನ ದುರ್ಬಲ ಭಾಗಕ್ಕೆ ಹೋಗಿ ಅದು ಮುರಿಯುತ್ತದೆ. ನನ್ನನ್ನು ಕೇಳಿದರೆ ಮೊದಲ ಹಣ ಸಲ್ಲಬೇಕಾದದ್ದು ಎಣ್ಣೆ ತಣಿಸುವ ಕೂಲರಿಗೆ. ಕನ್ವರ್ಟರಿನೊಳಗೆ ಎಣ್ಣೆ ಎಣ್ಣೆಯನ್ನು ನೂಕುವಾಗ ವ್ಯರ್ಥವಾದ ಶಕ್ತಿಯೆಲ್ಲ ಶಾಖವಾಗುತ್ತದೆ. ಅಳತೆ ಮೀರಿ ಜಲ್ಲಿ ತುಂಬಿದ ಟಿಪ್ಪರು ಕ್ವಾರಿಯ ಏರನ್ನು ತೆವಳಿಕೊಂಡು ಹತ್ತುವಾಗ ಈ ಶಾಖ ಮಿತಿಮೀರುತ್ತದೆ. ಸುಮಾರು 80 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಪ್ರತಿ 11 ಡಿಗ್ರಿಗೆ ಎಣ್ಣೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಈ ಕಸುಬಿನವರಲ್ಲಿ ರೂಢಿಯಾದ ಅಂದಾಜು. ಎಣ್ಣೆ ಸತ್ತರೆ ಸೀಲು ಗಡುಸಾಗುತ್ತದೆ, ಸೀಲು ಸೋರಿದರೆ ಒತ್ತಡ ಬೀಳುತ್ತದೆ, ಒತ್ತಡ ಬಿದ್ದರೆ ಕ್ಲಚ್ ಸುಡುತ್ತದೆ. ದೊಡ್ಡ ಕೂಲರು ಈ ಸರಪಳಿಯ ಮೊದಲ ಕೊಂಡಿಯನ್ನೇ ಕತ್ತರಿಸುತ್ತದೆ. ಹೇರನ್ನು ಇಳಿಸುವುದು ಅದಕ್ಕಿಂತಲೂ ಅಗ್ಗದ ಉಪಾಯ. ಆದರೆ ಬಾಡಿಗೆ ಕೊಡುವವರು ಅದಕ್ಕೆ ಒಪ್ಪಬೇಕಲ್ಲ!

ಹಳೆಯ ಕೂಲರನ್ನೇ ಉಳಿಸಿಕೊಳ್ಳುವವರು ಅದನ್ನು ಚೆನ್ನಾಗಿ ತೊಳೆಯದೆ ಮತ್ತೆ ಜೋಡಿಸಬಾರದು. ಸುಟ್ಟ ಪದರದ ಪುಡಿಯೂ ಲೋಹದ ಚೂರೂ ಅದರ ಕೊಳವೆಗಳಲ್ಲಿ ಅಡಗಿದ್ದು ಹೊಸ ಪೆಟ್ಟಿಗೆಗೆ ನೇರವಾಗಿ ಇಳಿಯುತ್ತವೆ. ಕನ್ವರ್ಟರಿನ ಹೊಟ್ಟೆಯಲ್ಲೂ ಇದೇ ಕಸ. ಅದು ಬೆಸೆದು ಮುಚ್ಚಿದ ಗಡಿಗೆಯಾದುದರಿಂದ ಮನೆಯಲ್ಲಿ ಬಿಚ್ಚುವಂತಿಲ್ಲ. ಲೇತಿನಲ್ಲಿ ಕತ್ತರಿಸಿ, ತೊಳೆದು, ಮತ್ತೆ ಬೆಸೆದು, ಸಮತೂಕ ನೋಡುವ ಪರಿಣತರಿಗೆ ಒಪ್ಪಿಸಬೇಕು. ಮನೆಕೆಲಸದ ಎಲ್ಲೆ ಇಲ್ಲಿಗೆ ಮುಗಿಯುತ್ತದೆ. ಕಂಪ್ಯೂಟರಿರುವ ಪೆಟ್ಟಿಗೆಗಳಲ್ಲಿ ದೋಷಸಂಖ್ಯೆ ಓದುವ ಯಂತ್ರವಿಲ್ಲದೆಯೂ ಮುಂದೆ ಹೋಗಲಾಗದು. ಆ ಯಂತ್ರವೂ ಅದರ ಭಾಷೆಯೂ ಸ್ವತಂತ್ರ ಮೇಸ್ತ್ರಿಗಳಿಗೆ ಸುಲಭವಾಗಿ ದೊರೆಯುವುದೋ ಇಲ್ಲವೋ ಎಂಬುದರ ಮೇಲೆ ಹೆದ್ದಾರಿಯ ಪಕ್ಕದ ಅನೇಕ ಶೆಡ್ಡುಗಳ ಮುಂದಿನ ಬದುಕು ನಿಂತಿದೆ. ಲೋಹದ ಕೆಲಸವನ್ನು ಅವರು ಕಲಿಯಬಲ್ಲರು, ಸಂದೇಹವಿಲ್ಲ.

ಪೆಟ್ಟಿಗೆಯನ್ನು ಎಂಜಿನ್ನಿಗೆ ಕೂಡಿಸುವ ಮೊದಲು ಕನ್ವರ್ಟರನ್ನು ಕೈಯಿಂದ ತಿರುಗಿಸುತ್ತ ಒಳಕ್ಕೆ ನೂಕಬೇಕು. ಅದು ಒಂದೊಂದೇ ಹಲ್ಲಿಗೆ ಸಿಕ್ಕಿ, ಮೆಟ್ಟಿಲಿಳಿದಂತೆ ‘ಟಕ್ ಟಕ್’ ಎಂದು ಒಳಗೆ ಕೂರುತ್ತದೆ. ಕೊನೆಯ ಮೆಟ್ಟಿಲಿಳಿಯದೆ ಬೋಲ್ಟು ಬಿಗಿದರೆ ಎಣ್ಣೆಯ ಪಂಪು ಒಡೆಯುತ್ತದೆ. ಆಮೇಲೆ ಎಣ್ಣೆ ತುಂಬಿ, ಚಕ್ರಗಳಿಗೆ ತಡೆಯಿಟ್ಟು, ಎಂಜಿನ್ ಹಚ್ಚಿ, ಬ್ರೇಕು ತುಳಿದುಕೊಂಡು ಪ್ರತಿಯೊಂದು ಗೇರಿಗೂ ಒಂದೊಂದು ಕ್ಷಣ ಹಾಕಿ ತೆಗೆಯಬೇಕು. ಎಣ್ಣೆ ಬಿಸಿಯಾದ ಮೇಲೆ, ಪುಸ್ತಕ ಹೇಳಿದ ರೀತಿಯಲ್ಲಿ ಅದರ ಮಟ್ಟವನ್ನು ಮತ್ತೆ ನೋಡಿ, ಕಡಿಮೆಯಾದಷ್ಟನ್ನು ತುಂಬಬೇಕು. ಮೊದಲ ಓಟ ಖಾಲಿ ಗಾಡಿಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ. ಹಿಂದಿರುಗಿದೊಡನೆ ಕೆಳಗೆ ಶುಭ್ರವಾದ ಕಾಗದ ಹಾಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗಾದ ಮೇಲೆ ಎಣ್ಣೆ ತೊಟ್ಟಿಕ್ಕಿದೆಯೇ ಎಂದು ನೋಡಬೇಕು.