ತಟ್ಟೆಯ ಲೆಕ್ಕ ಬೇರೆ, ಕುರ್ಚಿಯ ಲೆಕ್ಕ ಬೇರೆ

ತೂಕ ಇಳಿಸಬೇಕೆಂದು ಹೊರಟ ಹೆಚ್ಚಿನವರಂತೆ ನಾನೂ ಬಹಳ ಕಾಲ ಒಂದು ಲೆಕ್ಕವನ್ನು ನಂಬಿದ್ದೆ: ತಿಂದದ್ದನ್ನು ನಡೆದು ಕರಗಿಸಬಹುದು. ಈ ನಂಬಿಕೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ವರ್ಷಗಳ ಪ್ರಯತ್ನದಿಂದ ನಾನು ಕಲಿತ ಮೊದಲ ಪಾಠ. ಐವತ್ತು ಗ್ರಾಂ ಆಲೂಗಡ್ಡೆ ಚಿಪ್ಸ್‌ನಲ್ಲಿ ಸುಮಾರು 270 ಕ್ಯಾಲೊರಿ ಇರುತ್ತದೆ. ಸಾಧಾರಣ ಮೈಕಟ್ಟಿನವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಅದರ ಅರ್ಧದಷ್ಟು. ಪೊಟ್ಟಣ ಖಾಲಿಯಾಗಲು ಐದು ನಿಮಿಷ ಸಾಕು. ಟಾಂಜಾನಿಯಾದಲ್ಲಿ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರ ಶಕ್ತಿವ್ಯಯವನ್ನು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಅಳೆದು 2012ರಲ್ಲಿ ಪ್ರಕಟಿಸಿದರು. ದಿನವಿಡೀ ಓಡಾಡುವ ಆ ಜನ ಒಟ್ಟಾರೆ ಖರ್ಚು ಮಾಡುವ ಕ್ಯಾಲೊರಿ, ಮೈಗಾತ್ರದ ವ್ಯತ್ಯಾಸ ಕಳೆದರೆ, ಕುರ್ಚಿಯಲ್ಲಿ ಕೂತು ದುಡಿಯುವ ಅಮೆರಿಕನ್ನರದಕ್ಕಿಂತ ಹೆಚ್ಚೇನೂ ಇರಲಿಲ್ಲ. ನಡಿಗೆ ಹೆಚ್ಚಾದರೆ ದೇಹ ಬೇರೆಲ್ಲೋ ಖರ್ಚನ್ನು ಬಿಗಿಹಿಡಿಯುತ್ತದೆ ಎಂಬುದು ಪಾಂಟ್ಜರ್ ಕೊಡುವ ವಿವರಣೆ. ಹಾಗಾದರೆ ಹಾಡ್ಜಾಗಳಿಗೆ ಬೊಜ್ಜು ಯಾಕಿಲ್ಲ? ಉತ್ತರವನ್ನು ಅವರ ಕಾಲುಗಳಲ್ಲಿ ಹುಡುಕುವುದಕ್ಕಿಂತ ಮೊದಲು ಅವರ ಊಟದಲ್ಲಿ ಹುಡುಕಬೇಕು.

ಊಟದ ವಿಷಯಕ್ಕೆ ಬಂದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಷ್ಟು ನನ್ನ ಕಣ್ಣು ತೆರೆಸಿದ್ದು ಬೇರೊಂದಿಲ್ಲ. 20 ಮಂದಿಯನ್ನು ನಾಲ್ಕು ವಾರ ಅಲ್ಲೇ ಉಳಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಾಮಾನ್ಯ ಅಡುಗೆಯ ಆಹಾರವನ್ನೂ ಬಡಿಸಿದರು. ಎರಡೂ ಬಗೆಯಲ್ಲಿ ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಹೊಂದಿಕೆಯಾಗುವಂತೆ ನೋಡಿಕೊಂಡಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದಷ್ಟೇ ಸೂಚನೆ. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗ ತಿಂದರು, ಸರಾಸರಿ 0.9 ಕೆಜಿ ತೂಕ ಏರಿಸಿಕೊಂಡರು. ಇನ್ನೊಂದು ಆಹಾರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿದರು. ಪ್ರಯೋಗ ಚಿಕ್ಕದು ನಿಜ, ಆದರೆ ಒಂದು ಮಾತನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಬಾಯಿಚಪಲ, ಸಂಯಮವಿಲ್ಲ ಎಂದು ದಪ್ಪಗಿರುವವರನ್ನು ನಾವು ಹಳಿಯುತ್ತೇವಲ್ಲ, ಆ ಎರಡು ಅವಧಿಗಳ ನಡುವೆ ಬದಲಾದದ್ದು ಯಾರ ಸಂಯಮವೂ ಅಲ್ಲ, ತಟ್ಟೆ. ಅಗಿಯುವ ಕೆಲಸವಿಲ್ಲದ, ಗಂಟಲಲ್ಲಿ ಜಾರುವ ಆಹಾರ ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟುವ ಮೊದಲೇ ಒಳಗೆ ಸೇರಿರುತ್ತದೆ.

ನಮ್ಮ ಹಿರಿಯರು ತುಪ್ಪ, ಬೆಲ್ಲ, ಅನ್ನ ಎಲ್ಲ ತಿಂದೂ ತೆಳ್ಳಗಿದ್ದರಲ್ಲ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ತಿಂದರು, ಆದರೆ ಎಷ್ಟು ಸಲ? ಹೋಳಿಗೆ ಯುಗಾದಿಗೆ, ಕಡುಬು ಗೌರಿ ಗಣೇಶನಿಗೆ, ಚಕ್ಕುಲಿ ಗೋಕುಲಾಷ್ಟಮಿಗೆ. ಹೆಚ್ಚಿನ ಮನೆಗಳಲ್ಲಿ ಕರಿಯುವ ಎಣ್ಣೆ ಅಳತೆಯ ಪದಾರ್ಥವಾಗಿತ್ತು, ಬಾಣಲೆ ಒಲೆಯೇರುವುದೇ ವಿಶೇಷವಾಗಿತ್ತು. ಇಂದು ಸಂಜೆಯ ಕಾಫಿಯ ಜೊತೆಗೆ ದಿನವೂ ಹಬ್ಬದ ಎಣ್ಣೆ ಬರುತ್ತದೆ, ಮೊಬೈಲಿನಲ್ಲಿ ಬೆರಳಾಡಿಸಿದರೆ ರಾತ್ರಿ ಹನ್ನೊಂದಕ್ಕೂ ಬಿರಿಯಾನಿ ಬಾಗಿಲಿಗೆ ಬರುತ್ತದೆ. ಹಳೆಯದೆಲ್ಲ ಔಷಧ ಎಂದೂ ನಾನು ಹೇಳುತ್ತಿಲ್ಲ. ರಾಗಿಯ ಹೆಸರು ಹೊತ್ತ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ: ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ, ಎಷ್ಟೋ ಪೊಟ್ಟಣಗಳಲ್ಲಿ ಮೊದಲು ಕಾಣುವುದು ಮೈದಾ ಮತ್ತು ಸಕ್ಕರೆ. ಉಪ್ಸಾರಿನ ಜೊತೆ ಎರಡು ಮುದ್ದೆ ಉಂಡವರು ಮೂರನೆಯದಕ್ಕೆ ಕೈಯೊಡ್ಡುವುದು ಅಪರೂಪ. ಬಿಸ್ಕತ್ತಿಗೆ ಆ ತಡೆ ಇಲ್ಲ.

ಹಾಗೆಂದು ಕುರ್ಚಿ ನಿರಪರಾಧಿಯಲ್ಲ, ಅದರ ಅಪರಾಧ ಬೇರೆ ಬಗೆಯದು. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಿಗೆ ಹೃದ್ರೋಗ ಹೆಚ್ಚು ಎಂದು ತೋರಿಸಿದರು. ಚಾಲಕರು ಮೊದಲೇ ದಪ್ಪಗಿದ್ದರೇನೋ ಎಂಬ ಸಂದೇಹಕ್ಕೆ ಸಮವಸ್ತ್ರದ ಸೊಂಟದ ಅಳತೆಗಳನ್ನೇ ತೆಗೆದು ನೋಡಿದರು. ಚಾಲಕರ ಸೊಂಟ ದಪ್ಪವೇ ಇತ್ತು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪಗಿನವರನ್ನು ದಪ್ಪಗಿನವರೊಡನೆ ಹೋಲಿಸಿದಾಗಲೂ ಕಂಡಕ್ಟರುಗಳೇ ಸುರಕ್ಷಿತರಾಗಿದ್ದರು. ಅಂದರೆ ಓಡಾಟದ ಲಾಭ ತೂಕದ ಯಂತ್ರದಲ್ಲಿ ಕಾಣಲೇಬೇಕೆಂದಿಲ್ಲ. ಊಟವಾದ ಮೇಲೆ ಹತ್ತು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಕೂತೇ ಇದ್ದರೆ ಅದು ಹೆಚ್ಚು ಹೊತ್ತು ರಕ್ತದಲ್ಲೇ ಉಳಿಯುತ್ತದೆ. ಭಾರತೀಯರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಯಾಜ್ಞಿಕ್ ತಮ್ಮನ್ನೂ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ ಅವರನ್ನೂ ಹೋಲಿಸಿ 2004ರಲ್ಲಿ ಬರೆದ ಟಿಪ್ಪಣಿ ಪ್ರಸಿದ್ಧ: ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಆದ್ದರಿಂದಲೇ ತೂಕಕ್ಕಿಂತ ಸೊಂಟದ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ.

ಇದೆಲ್ಲ ಸಮಯ ಇದ್ದವರಿಗೆ, ದಿನಕ್ಕೆರಡು ಹೊತ್ತು ಸಂಚಾರದಟ್ಟಣೆಯಲ್ಲಿ ಕಳೆಯುವವರು ಮನೆಯಲ್ಲಿ ಬೇಯಿಸುವುದೆಂತು ಎಂಬ ಮಾತು ನ್ಯಾಯವಾದದ್ದು. ಒರಳು, ಬೀಸುವ ಕಲ್ಲಿನ ಕಾಲ ಮರಳಲಿ ಎಂದು ಹಂಬಲಿಸುವವರ ಜೊತೆ ನಾನಿಲ್ಲ. ಆ ದುಡಿಮೆಯನ್ನು ಹೆಂಗಸರೇ ಹೊತ್ತಿದ್ದರು, ಅದರಿಂದ ಬಿಡುಗಡೆ ಸಿಕ್ಕಿದ್ದು ಒಳ್ಳೆಯದೇ. ಅಡುಗೆಮನೆಯ ಭಾರ ಮನೆಮಂದಿಯೆಲ್ಲ ಹಂಚಿಕೊಂಡರೆ ಮಾತ್ರ ಮನೆಯೂಟದ ಉಪದೇಶಕ್ಕೆ ಅರ್ಥ. ಅದೂ ಸಾಲದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಅಧಿಕ ತೂಕದವರು ನೂರಕ್ಕೆ ಸುಮಾರು 22–23 ಇದ್ದರು, 2019-21ರ ಹೊತ್ತಿಗೆ ಸುಮಾರು 30. ಇಷ್ಟು ಬೇಗ ಇಡೀ ರಾಜ್ಯದ ಜನರ ಮನೋಬಲ ಕುಸಿಯಲು ಸಾಧ್ಯವಿಲ್ಲ. ಬದಲಾದದ್ದು ಅಂಗಡಿ, ರಸ್ತೆ, ಕೆಲಸ. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸುತ್ತಿದೆ. ಓದು ಬಾರದ ಮಗುವಿಗೂ ಅದು ಅರ್ಥವಾಗುತ್ತದೆ. ನಮ್ಮೂರಿನ ಅಂಗಡಿಯಲ್ಲಿ ತೂಗುವ ಪೊಟ್ಟಣಗಳಲ್ಲಿ ಅದೇ ಮಾಹಿತಿ ಹಿಂಭಾಗದ ಮೂಲೆಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಅಕ್ಷರಗಳಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿದೆ.