ಮಳೆಗೆ ಕುಗ್ಗುವ ಉಪಗ್ರಹ ಸಂಕೇತ: ಅಳತೆ ಮತ್ತು ಅದರ ಉಪಯೋಗ

ಎಟಿಎಂ, ಗ್ರಾಮೀಣ ಶಾಖೆ, ದೂರದ ಗೋದಾಮುಗಳನ್ನು ವಿಸ್ಯಾಟ್ ಮೂಲಕ ಜೋಡಿಸಿಕೊಂಡಿರುವ ಉದ್ಯಮಗಳಿಗೆ ಜೋರು ಮಳೆಯಲ್ಲಿ ಸಂಪರ್ಕ ಕಡಿಯುವುದು ಹೊಸತಲ್ಲ. ಮಳೆಹನಿಗಳು ರೇಡಿಯೋ ಅಲೆಗಳ ಶಕ್ತಿಯನ್ನು ಹೀರಿಕೊಂಡು ಚದುರಿಸುತ್ತವೆ. ಆವರ್ತನ ಏರಿದಂತೆ ನಷ್ಟವೂ ಏರುತ್ತದೆ: 4-6 ಗಿಗಾಹರ್ಟ್ಸ್‌ನ ಸಿ-ಬ್ಯಾಂಡಿನಲ್ಲಿ ಅದು ಅಲ್ಪ, 11-14ರ ಕೆಯು-ಬ್ಯಾಂಡಿನಲ್ಲಿ ಗಣನೀಯ, 20-30ರ ಕೆಎ-ಬ್ಯಾಂಡಿನಲ್ಲಿ ತೀವ್ರ.

ಅಳತೆಯ ತತ್ತ್ವ ಸರಳವಾದುದು. ಉಪಗ್ರಹವು ಸ್ಥಿರ ಶಕ್ತಿಯ ಬೀಕನ್ ಸಂಕೇತವನ್ನು ಸದಾ ಬಿತ್ತರಿಸುತ್ತಿರುತ್ತದೆ; ಭೂಕೇಂದ್ರವು ಅದನ್ನು ಎಡೆಬಿಡದೆ ದಾಖಲಿಸುತ್ತದೆ. ನಿರಭ್ರ ಆಕಾಶದ ಮಟ್ಟಕ್ಕೂ ಮಳೆಯ ವೇಳೆಯ ಮಟ್ಟಕ್ಕೂ ಇರುವ ವ್ಯತ್ಯಾಸವೇ ಕ್ಷೀಣತೆ. 3 ಡೆಸಿಬೆಲ್ ಎಂದರೆ ಶಕ್ತಿ ಅರ್ಧಕ್ಕಿಳಿದಂತೆ. 10 ಡೆಸಿಬೆಲ್ ಎಂದರೆ ಹತ್ತರಲ್ಲೊಂದು ಪಾಲು ಉಳಿದಂತೆ. ಜೊತೆಯಲ್ಲಿರಿಸಿದ ಮಳೆಮಾಪಕವು ಕಾರಣವನ್ನು ದೃಢಪಡಿಸುತ್ತದೆ. ಇಸ್ರೋ 2014ರ ಜನವರಿಯಲ್ಲಿ ಉಡಾಯಿಸಿದ ಜಿಸ್ಯಾಟ್-14 ಇಂತಹ ಅಧ್ಯಯನಕ್ಕೆಂದೇ 20.2 ಮತ್ತು 30.5 ಗಿಗಾಹರ್ಟ್ಸ್‌ನ ಎರಡು ಬೀಕನ್‌ಗಳನ್ನು ಒಯ್ದಿತ್ತು.

ಹಲವು ವರ್ಷಗಳ ಇಂತಹ ದಾಖಲೆಯಿಂದಲೇ ಸಂಪರ್ಕದ ಲಭ್ಯತೆಯನ್ನು ಅಂದಾಜು ಮಾಡಲಾಗುತ್ತದೆ. ಶೇ. 99.5 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 44 ಗಂಟೆಗಳ ಕಡಿತ; ಶೇ. 99.9 ಎಂದರೆ ಸುಮಾರು 9 ಗಂಟೆ. ಆದರೆ ಮಳೆಯಿಂದಾಗುವ ಕಡಿತ ವರ್ಷವಿಡೀ ಸಮನಾಗಿ ಹಂಚಿಹೋಗುವುದಿಲ್ಲ. ಕರ್ನಾಟಕದ ಒಳನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗುಮಳೆ ಬಹುಮಟ್ಟಿಗೆ ಮಧ್ಯಾಹ್ನದ ನಂತರ, ವಹಿವಾಟಿನ ವೇಳೆಯಲ್ಲಿಯೇ ಸುರಿಯುತ್ತದೆ. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಉದ್ಯಮಿಗಳು ವಾರ್ಷಿಕ ಸರಾಸರಿಗೆ ತೃಪ್ತರಾಗದೆ, ಅತಿ ಹೆಚ್ಚು ಮಳೆಯ ತಿಂಗಳಿನ ಲಭ್ಯತೆಯನ್ನೂ ಮಳೆಗಾಗಿ ಕಾದಿರಿಸಿದ ಹೆಚ್ಚುವರಿ ಡೆಸಿಬೆಲ್‌ಗಳನ್ನೂ ಲಿಖಿತವಾಗಿ ಪಡೆಯುವುದು ಒಳಿತು.